ಮಾದರಿ ಮನೆಯ ಹೊಗೆ

ಒಲೆಯ ಬಾಯಿ ಮುಚ್ಚಲು ನಾಲ್ಕು ಜನ ಬಂದಿದ್ದರು. ನಾಲ್ವರೂ ಊರಿನವರೇ. ತೋಳಿಗೆ ಸರ್ಕಾರದ ಕೆಂಪು ಪಟ್ಟಿ ಬಿದ್ದ ಮೇಲೆ ಊರಿನವರ ಮುಖವೇ ಬೇರೆಯಾಗುತ್ತದೆ. ಚಳಿಯಲ್ಲಿ ಬಂದಿದ್ದಾರಲ್ಲ ಎಂದು ಸುಯುನ್ ಬಿಸಿನೀರು ಕೊಟ್ಟಳು. ಕುಡಿದರು. ಲೋಟ ಕೆಳಗಿಟ್ಟು, ಆ ನೀರು ಕಾಯಿಸಿದ ಒಲೆಯ ಮೇಲಿನ ಕಬ್ಬಿಣದ ಬಳೆಗಳನ್ನೇ ಕಿತ್ತು ಟ್ರ್ಯಾಕ್ಟರಿಗೆ ಎಸೆದರು. ಬಾಯಿಗೆ ಇಟ್ಟಿಗೆ ತುರುಕಿ ಸಿಮೆಂಟು ಮೆತ್ತಿದರು. ಹಿತ್ತಿಲಲ್ಲಿ ಪೇರಿಸಿದ್ದ ಕಲ್ಲಿದ್ದಲನ್ನೂ ಹೊತ್ತುಕೊಂಡು ಹೋದರು. ಇನ್ನು ಮೇಲೆ ಎಲ್ಲರಿಗೂ ಗ್ಯಾಸು, ಬೀಜಿಂಗಿನ ಆಕಾಶ ನೀಲಿಯಾಗಬೇಕು ಎಂದರು.

ಅದು ಚೀನೀ ಪಂಚಾಂಗದ ಹತ್ತನೇ ತಿಂಗಳು. ಈಗ ಹನ್ನೆರಡನೇ ತಿಂಗಳು ಮುಗಿಯುತ್ತ ಬಂದಿದೆ, ಹೊಸವರ್ಷ ಹತ್ತಿರವಾಗಿದೆ. ಗ್ಯಾಸು ಬಂದಿಲ್ಲ. ಗೋಡೆಗೆ ಹಳದಿ ಪೈಪು ಬಂದಿದೆ, ಮೀಟರು ಬಂದಿದೆ, ಮೀಟರಿಗೆ ಬೀಗವೂ ಬಂದಿದೆ. ಪೈಪಿನೊಳಗೆ ಬರೀ ಗಾಳಿ.

ಆ ಪೈಪಿಗೆ ಕಾಲುವೆ ತೋಡಿದವಳು ಸುಯುನ್. ಅವಳಂಥ ಹೆಂಗಸರೇ ತೋಡಿದ್ದು. ಅವಳ ಗಂಡನೂ ಸೇರಿ ಊರಿನ ಬಹುಪಾಲು ಗಂಡಸರು ದಕ್ಷಿಣದ ನಗರಗಳಲ್ಲಿ ಕೂಲಿಗೆ ಕಟ್ಟಡಗಳ ಮೇಲೆ ನೇತಾಡುತ್ತಿದ್ದಾರೆ. ಬೀಜಿಂಗಿನ ಸುತ್ತಲಿನ ಹೆಬೆಯ್ ಬಯಲಿನ ನೆಲ ಆ ತಿಂಗಳಲ್ಲಿ ಕಲ್ಲಾಗಿರುತ್ತದೆ. ಗುದ್ದಲಿ ಬಿದ್ದರೆ ನೆಲ ಬಿರಿಯುವುದಿಲ್ಲ, ಹೊಡೆತ ಭುಜಕ್ಕೆ ವಾಪಸು ಬರುತ್ತದೆ. ಅಂಗೈ ಒಡೆದು ಹಿಡಿಗೆ ಅಂಟಿಕೊಳ್ಳುತ್ತಿತ್ತು. ಸುಯುನ್ ಹಲ್ಲು ಕಚ್ಚಿ ತೋಡಿದಳು. ಅತ್ತೆ ಬೆಚ್ಚಗಿರುತ್ತಾಳೆ ಎಂಬ ಒಂದೇ ಆಸೆಗೆ ತೋಡಿದಳು. ಈಗ ಆ ಹಳದಿ ಪೈಪು ಕಣ್ಣಿಗೆ ಬಿದ್ದರೆ ಅವಳ ಮೈ ಉರಿಯುತ್ತದೆ.

ಅತ್ತೆ ಮಲಗುವುದು ಕೋಣೆಯೊಳಗಿನ ಇಟ್ಟಿಗೆ ಜಗಲಿಯ ಮೇಲೆ. ಆ ಊರಿನಲ್ಲಿ ಎಲ್ಲರೂ ಮಲಗುವುದು ಅದರ ಮೇಲೆಯೇ. ಅಡುಗೆ ಒಲೆಯ ಹೊಗೆ ಜಗಲಿಯ ಹೊಟ್ಟೆಯೊಳಗೆ ಸುತ್ತಿ, ಇಟ್ಟಿಗೆಯನ್ನು ಕಾಯಿಸಿ, ಆಮೇಲೆ ಹೊಗೆಗೂಡಿಗೆ ಹೋಗುತ್ತದೆ. ಒಲೆ ಉರಿದರೆ ಜಗಲಿ ತಾಯಿಯ ಮಡಿಲು. ಒಲೆ ಆರಿದರೆ ಅದು ಗೋರಿ. ಅತ್ತೆ ಆ ಗೋರಿಯ ಮೇಲೆ ಇದ್ದಬದ್ದ ಹತ್ತಿ ಕೋಟುಗಳನ್ನೆಲ್ಲ ಹೊದ್ದು ಮಲಗಿದ್ದಾಳೆ. ಎಂಬತ್ತು ದಾಟಿದ ಎದೆ. ಕೆಮ್ಮಿದರೆ ಗೋಡೆಯಾಚೆಗೆ ಕೇಳುತ್ತದೆ. ಕರೆಂಟು ಹೀಟರು ಹಾಕೋಣವೆಂದರೆ ಊರೆಲ್ಲ ಅದನ್ನೇ ಹಾಕಿ ಲೈನು ಬೀಳುತ್ತದೆ. ಕರೆಂಟು ಇದ್ದಾಗ ಸುಯುನ್ ಕೆಟಲಿನಲ್ಲಿ ನೀರು ಕಾಯಿಸಿ, ಪ್ಲಾಸ್ಟಿಕ್ ಬಾಟಲಿಗಳಿಗೆ ತುಂಬಿ ಮುದುಕಿಯ ಕಾಲ ಸಂದಿಗಿಡುತ್ತಾಳೆ. ಅವು ಬೇಗ ತಣ್ಣಗಾಗುತ್ತವೆ. ಮತ್ತೆ ತುಂಬುತ್ತಾಳೆ. ಈ ಚಳಿಗಾಲ ದಾಟುವುದಿಲ್ಲ ಎಂದು ಆರೋಗ್ಯ ಕೇಂದ್ರದವರು ಹೇಳಿಯಾಗಿದೆ. ಬೆಚ್ಚಗಿಡಿ, ಅಷ್ಟೇ ಔಷಧಿ ಎಂದರಂತೆ.

ಕದ್ದು ಒಲೆ ಹಚ್ಚಿದರೆ? ಬೀದಿಗೆ ಅಡ್ಡ ಕಟ್ಟಿದ ಕೆಂಪು ಬಟ್ಟೆ ಅದಕ್ಕೆ ಉತ್ತರ ಹೇಳುತ್ತದೆ: ಹೊಗೆ ಎದ್ದ ಮನೆಗೆ ಪೊಲೀಸ್ ಬರುತ್ತದೆ. ಬರೀ ಬಾಯಿಮಾತಲ್ಲ. ಪಕ್ಕದ ಬೀದಿಯ ಒಬ್ಬ ಮುದುಕ ಮೆಕ್ಕೆಜೋಳದ ದಂಟು ಸುಟ್ಟು ಕೈ ಕಾಯಿಸಿಕೊಂಡ. ಅವನನ್ನು ಎಳೆದೊಯ್ದು ಐದು ದಿನ ಠಾಣೆಯಲ್ಲಿ ಕೂಡಿಹಾಕಿದರು. ವಾಪಸು ಬಂದವನು ಯಾರ ಜತೆಗೂ ಮಾತಾಡುತ್ತಿಲ್ಲ.

ಇಷ್ಟಾದರೂ ಅತ್ತೆ ಗೊಣಗಿದವಳಲ್ಲ. ಸುಯುನ್ ಸಿಟ್ಟಿನಿಂದ ದನಿ ಎತ್ತಿದರೆ ಮುದುಕಿ ಕೋಟಿನೊಳಗಿಂದ ಕೈ ತೆಗೆದು ಸೊಸೆಯ ಬಾಯಿಗೆ ಅಡ್ಡ ಹಿಡಿಯುತ್ತಾಳೆ. ಗಲಾಟೆ ಬೇಡ. ಈ ಎರಡು ಮಾತಿನಲ್ಲೇ ಅವಳು ಐವತ್ತು ವರ್ಷ ಕಳೆದಿದ್ದಾಳೆ. ಕೆಂಪು ಪುಸ್ತಕದ ಕಾಲದಲ್ಲಿ ಅವಳ ಗಂಡ ಈ ಊರಿನ ಮೇಷ್ಟ್ರು. ಆ ಪುಸ್ತಕ ಹಿಡಿದ ಹುಡುಗರು ಅವರ ತಲೆಗೆ ಕಾಗದದ ಟೋಪಿ ಹಾಕಿ, ಕೊರಳಿಗೆ ತಂತಿಯಲ್ಲಿ ಹಲಗೆ ಕಟ್ಟಿ, ಬೀದಿಬೀದಿ ಮೆರೆಸಿದರು. ಸುಟ್ಟ ಕಲ್ಲಿದ್ದಲಿನ ಚೂಪು ಕಿಟ್ಟದ ಮೇಲೆ ಮೊಣಕಾಲೂರಿಸಿದರು. ತಂತಿ ಜಗ್ಗಿದವರಲ್ಲಿ ಒಬ್ಬ ಮೇಷ್ಟ್ರ ಒಡಹುಟ್ಟಿದ ತಮ್ಮ. ಮೇಷ್ಟ್ರು ಆ ವಸಂತ ಕಾಣಲಿಲ್ಲ. ಅಂದಿನಿಂದ ಮುದುಕಿಗೆ ಹಸಿವಾದರೂ ಸರಿ, ಚಳಿಯಾದರೂ ಸರಿ, ಗಲಾಟೆಯೊಂದು ಬೇಡ.

ಆ ತಂತಿ ಜಗ್ಗಿದ ತಮ್ಮನ ಮಗನೇ ಬಾವ್‌ಚುವಾನ್. ಈಗ ಊರಿನ ಪಕ್ಷದ ಕಾರ್ಯದರ್ಶಿ.

ಸುಯುನ್ ಅವನ ಕಚೇರಿಗೆ ಹೋದಳು. ಒಳಗೆ ಕಾಲಿಟ್ಟ ಕೂಡಲೇ ಅವಳಿಗೆ ಅಳು ಬಂತು. ಕೋಣೆ ಅಷ್ಟು ಬೆಚ್ಚಗಿತ್ತು. ಗೋಡೆಯ ಮೇಲೆ ಎ.ಸಿ. ಬಿಸಿಗಾಳಿ ಊದುತ್ತಿತ್ತು. ಕಿಟಕಿಯ ಬಳಿ ಒಂದು ಹೂವಿನ ಕುಂಡ, ಅದರಲ್ಲಿ ಹೂ ಕೂಡ ಬಿಟ್ಟಿತ್ತು. ಬಾವ್‌ಚುವಾನ್ ಅಂಗಿಯ ತೋಳು ಮಡಚಿಕೊಂಡು ಕೂತಿದ್ದ. ಬನ್ನಿ ಅತ್ತಿಗೆ ಎಂದು ಚಹಾ ಬಗ್ಗಿಸಿದ. ಅವನ ಬಾಯಿ ಯಾವತ್ತೂ ಬೆಣ್ಣೆಯೇ.

ಅವಳು ಬಂದ ವಿಷಯ ಹೇಳಿದಳು. ಅವನು ಕೇಳಿಸಿಕೊಂಡ, ತಲೆಯಾಡಿಸಿದ, ಆಮೇಲೆ ಶುರು ಮಾಡಿದ. ನಾವು ಚಿಕ್ಕವರಿದ್ದಾಗ ಈ ಊರಿನಲ್ಲಿ ಏನಿತ್ತು? ಕರೆಂಟಿರಲಿಲ್ಲ, ರಸ್ತೆಯಿರಲಿಲ್ಲ, ಹಸಿವಿಗೆ ಮರದ ತೊಗಟೆ ತಿಂದವರು ಇನ್ನೂ ಬದುಕಿದ್ದಾರೆ. ಈಗ ನಲ್ಲಿ ಬಂದಿದೆ, ಫೋನು ಬಂದಿದೆ, ಕೂಲಿಯವರ ಮಕ್ಕಳು ಕಾಲೇಜಿಗೆ ಹೋಗುತ್ತಿದ್ದಾರೆ. ಎಲ್ಲ ಒಂದೇ ಸಲ ಆಗುತ್ತದೆಯೇ? ಅವಸರ ಮಾಡಿದ ದೇಶಗಳ ಗತಿ ಟೀವಿಯಲ್ಲಿ ಕಾಣುವುದಿಲ್ಲವೇ? ಅಲ್ಲಿ ಬಾಯಿಗೆ ಬಂದಂತೆ ಕೂಗುವ ಹಕ್ಕಿದೆ, ತಿನ್ನಲು ರೊಟ್ಟಿಯಿಲ್ಲ. ಮೊದಲು ಹೊಟ್ಟೆ, ಆಮೇಲೆ ಬಾಯಿ.

ಅವನು ಹೇಳಿದ್ದರಲ್ಲಿ ಸುಳ್ಳು ಕಡಿಮೆ. ನಲ್ಲಿ ಬಂದದ್ದು ನಿಜ, ಫೋನೂ ನಿಜ. ಅವಳ ಹೊಟ್ಟೆ ಉರಿಸಿದ್ದು ಅದೇ. ನಿಜವನ್ನೇ ಬಟ್ಟೆಯ ಹಾಗೆ ಉಂಡೆ ಮಾಡಿ ಬಾಯಿಗೆ ತುರುಕುತ್ತಿದ್ದಾನೆ ಕಳ್ಳ.

"ರಸ್ತೆಗೆ ಜಲ್ಲಿ ಹೊತ್ತೋರು ನಾವು," ಎಂದಳು ಸುಯುನ್. "ನೀನು ಕತ್ತರಿಸಿದ್ದು ಬರೀ ರಿಬ್ಬನ್ನು. ಒಲೆ ಕೀಳೋಕೆ ನಿಮಗೆ ಅವಸರ ಬಾವ್‌ಚುವಾನ್, ಒಂದೇ ದಿನದಲ್ಲಿ ಊರಿಗೂರೇ ಕಿತ್ರಿ. ಗ್ಯಾಸ್ ಕೊಡೋವಾಗ ಮಾತ್ರ ಎಲ್ಲಾ ನಿಧಾನಕ್ಕೆ ಆಗ್ಬೇಕು, ಅಲ್ವಾ?"

ಅವನ ನಗು ಹಾಗೇ ಇತ್ತು. ಕಣ್ಣು ಮಾತ್ರ ಸಣ್ಣಗಾಯಿತು. ಇಂಥ ಮಾತನ್ನು ಹೊರಗೆಲ್ಲೂ ಆಡಬೇಡಿ ಎಂದ. ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. ಕೌಂಟಿ ಆಡಳಿತ ಕೇಂದ್ರದಿಂದ ದೊಡ್ಡ ಅಧಿಕಾರಿ ಬರುತ್ತಿದ್ದಾರೆ, ಹನ್ನೆರಡನೇ ತಿಂಗಳ ಇಪ್ಪತ್ತಮೂರಕ್ಕೆ. ಟೀವಿಯವರೂ ಇರುತ್ತಾರೆ. ನಮ್ಮ ಊರು ಮಾದರಿ ಊರಾಗಲಿದೆ. ಊರಿನಲ್ಲಿ ಎಲ್ಲರಿಗಿಂತ ಹಿರಿಯರು ದೊಡ್ಡಮ್ಮ. ನಿಮ್ಮ ಮನೆಗೆ ಸಿಲಿಂಡರಿನ ಹೀಟರು ಇಡುತ್ತೇವೆ. ಅಧಿಕಾರಿ ಬಂದು ಕೇಳಿದರೆ ಬೆಚ್ಚಗಿದೆ ಎನ್ನಬೇಕು. ಅಷ್ಟೇ. ಹೀಟರು ನಿಮ್ಮ ಮನೆಯಲ್ಲೇ ಇರುತ್ತದೆ.

"ಇರತ್ತಾ?"

"ನಾನು ಹೇಳ್ತಿದೀನಲ್ಲ ಅತ್ತಿಗೆ. ನಿಮಗೆ ಅತ್ತೆಯಾದ್ರೆ ನನಗೆ ದೊಡ್ಡಮ್ಮ ತಾನೇ?"

ಅವಳು ಹೂಂ ಅಂದಳು. ಒಂದು ಸುಳ್ಳಿಗೆ ಅತ್ತೆಯ ಎದೆ ಬೆಚ್ಚಗಾಗುವುದಾದರೆ ಸುಳ್ಳೇ ಇರಲಿ ಅನ್ನಿಸಿತು. ಕೂಗಾಡಿದವರಿಗೆ ಐದು ದಿನದ ಕತ್ತಲು, ತಲೆ ಬಗ್ಗಿಸಿದವರಿಗೆ ಒಂದು ಸಿಲಿಂಡರು. ಇದರಲ್ಲಿ ತೂಗಿ ನೋಡಲು ಏನಿದೆ? ಈ ದೇಶದ ತಕ್ಕಡಿಯೇ ಹಾಗೆ, ಬಡವರು ಒಂದು ತಟ್ಟೆಯಲ್ಲಿ ತಲೆ ಇಟ್ಟರೆ ಮಾತ್ರ ಇನ್ನೊಂದರಲ್ಲಿ ಏನಾದರೂ ಬೀಳುತ್ತದೆ.

ಇಪ್ಪತ್ತಮೂರು ಒಲೆ ದೇವರನ್ನು ಕಳಿಸುವ ದಿನ. ವರ್ಷವಿಡೀ ಒಲೆಯ ಮೇಲಿನ ಗೋಡೆಯಲ್ಲಿ ಕೂತು ಮನೆಯವರ ಪಾಪ ಪುಣ್ಯ ನೋಡಿದ ದೇವರ ಪಟವನ್ನು ಅಂದು ಒಲೆಯಲ್ಲೇ ಸುಡುತ್ತಾರೆ. ಹೊಗೆಯ ಜತೆ ಅವನು ಆಕಾಶಕ್ಕೆ ಹೋಗಿ, ಅಲ್ಲಿನ ದೊರೆಗೆ ಆ ಮನೆಯ ವರದಿ ಒಪ್ಪಿಸಬೇಕು. ಕೆಟ್ಟದ್ದು ಹೇಳಬಾರದೆಂದು ಅವನ ಬಾಯಿಗೆ ಅಂಟು ಮಿಠಾಯಿ ಸವರುತ್ತಾರೆ. ಹಿಂದೆ ಇದು ಗಂಡಸರ ಕೆಲಸ. ಗಂಡಸರು ಊರು ಬಿಟ್ಟ ಮೇಲೆ ಹೆಂಗಸರೇ ಮಾಡುತ್ತಿದ್ದಾರೆ.

ಒಲೆಯೇ ಇಲ್ಲದ ಊರಿನಲ್ಲಿ ದೇವರನ್ನು ಕಳಿಸುವುದೆಲ್ಲಿಂದ? ಬಾವ್‌ಚುವಾನ್ ಅದಕ್ಕೂ ದಾರಿ ಹುಡುಕಿದ್ದ. ಕಂಬದ ಮೇಲಿನ ಧ್ವನಿವರ್ಧಕ ಬೆಳಿಗ್ಗೆ ಸಂಜೆ ಕೂಗಿತು: ಎಲ್ಲರೂ ತಮ್ಮ ಒಲೆ ದೇವರನ್ನು ಕಚೇರಿಯ ಅಂಗಳಕ್ಕೆ ತಂದುಕೊಡಬೇಕು. ಅಧಿಕಾರಿಗಳು ಹೋದ ಮೇಲೆ ಒಂದೇ ಡ್ರಮ್ಮಿನಲ್ಲಿ, ಹೊಗೆ ಹೆಚ್ಚಾಗದ ಹಾಗೆ, ಸಾಮೂಹಿಕವಾಗಿ ಕಳಿಸಲಾಗುವುದು. ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ಆಮೇಲೆ ನಗು ನಿಂತಿತು. ಯಾರ ಮನೆಯ ದೇವರು ಯಾರ ಮನೆಯ ವರದಿ ಹೇಳುತ್ತಾನೆ? ಹಿಂದೊಮ್ಮೆ ಎಲ್ಲರ ಹೊಲ ಒಟ್ಟು ಮಾಡಿದರು, ಅಡುಗೆ ಪಾತ್ರೆ ಒಟ್ಟು ಮಾಡಿದರು, ಈಗ ದೇವರನ್ನೂ ಒಟ್ಟು ಮಾಡುತ್ತಾರಂತೆ ಎಂದು ಪಕ್ಕದ ಮನೆಯ ಜಿನ್‌ಫೆಂಗ್ ಗೊಣಗಿದಳು. ಅವಳ ಗಂಡನ ಹೆಸರು ದು, ಅವನೂ ತೋಳಿಗೆ ಕೆಂಪು ಪಟ್ಟಿ ಕಟ್ಟಿದವನೇ. ಅವನು ಸುಮ್ಮನಿರೇ ಎಂದು ಕಣ್ಣು ಬಿಟ್ಟ.

ಇಪ್ಪತ್ತಮೂರರ ಬೆಳಿಗ್ಗೆ ದು ಮತ್ತು ಇನ್ನೊಬ್ಬ ಸಿಲಿಂಡರು ಹೊತ್ತು ತಂದರು. ಜಗಲಿಯ ಬದಿಗೆ ಹೀಟರು ಇಟ್ಟು ಹಚ್ಚಿದರು. ಕಿತ್ತಳೆ ಬಣ್ಣದ ಜ್ವಾಲೆ. ಕೋಣೆ ನಿಧಾನವಾಗಿ ಬೆಚ್ಚಗಾಯಿತು. ಮುದುಕಿ ಒಂದೊಂದೇ ಕೋಟು ಕೆಳಗೆ ಸರಿಸಿದಳು. ಎರಡೂ ಕೈ ಬೆಂಕಿಯತ್ತ ಚಾಚಿದಳು. ಎಷ್ಟೋ ದಿನಗಳಿಂದ ನೀಲಿಯಾಗಿದ್ದ ಉಗುರಿನಲ್ಲಿ ರಕ್ತ ಕಾಣಿಸಿತು. ಕೆಮ್ಮು ನಿಂತಿತು. ಸುಯುನ್ ಅದನ್ನೇ ನೋಡುತ್ತ ನಿಂತಳು.

ಅಧಿಕಾರಿ ಬಂದ. ಹಿಂದೆ ಕ್ಯಾಮೆರಾ, ಅದರ ಹಿಂದೆ ಬಾವ್‌ಚುವಾನ್. ಅಧಿಕಾರಿ ಜಗಲಿಯ ಅಂಚಿಗೆ ಕೂತು ಮುದುಕಿಯ ಕೈ ಹಿಡಿದು, ಅಜ್ಜಿ, ಈ ಸಲ ಚಳಿಗಾಲ ಹೇಗಿದೆ, ಬೆಚ್ಚಗಿದೆಯಾ ಎಂದು ಕೇಳಿದ. ಮುದುಕಿ ಅವನ ಮುಖ ನೋಡಿದಳು. ಮತ್ತೆ ಬೆಂಕಿಯತ್ತ ತಿರುಗಿದಳು. ಬಾವ್‌ಚುವಾನ್ ಸುಯುನ್‌ಳನ್ನು ದಿಟ್ಟಿಸಿದ.

"ಬೆಚ್ಚಗಿದೆ," ಎಂದಳು ಸುಯುನ್. "ತುಂಬಾ ಬೆಚ್ಚಗಿದೆ."

ಕ್ಯಾಮೆರಾದವನು ಇನ್ನೊಮ್ಮೆ ಹೇಳಿ, ಸ್ವಲ್ಪ ನಗಿ ಎಂದ. ಅವಳು ಇನ್ನೊಮ್ಮೆ ಹೇಳಿದಳು. ನಕ್ಕಳು. ಬಟ್ಟೆ ಬಿಚ್ಚಿ ಬೀದಿಯಲ್ಲಿ ನಿಲ್ಲಿಸಿದ ಹಾಗಾಯಿತು. ಬಾಗಿಲಿಗೆ ಕೆಂಪು ರಿಬ್ಬನ್ನಿನ ಮರದ ಹಲಗೆ ತೂಗುಹಾಕಿದರು. ಅದರ ಮೇಲೆ ಮಾದರಿ ಮನೆ ಎಂದು ಬಂಗಾರದ ಬಣ್ಣದಲ್ಲಿ ಬರೆದಿತ್ತು. ಚಪ್ಪಾಳೆ ಬಿತ್ತು.

ಅಧಿಕಾರಿ ಮುಂಬಾಗಿಲಿಂದ ಹೊರಗೆ ಕಾಲಿಟ್ಟಿದ್ದ ಅಷ್ಟೇ. ಹಿತ್ತಿಲ ಬಾಗಿಲಿಂದ ದು ಒಳಗೆ ನುಗ್ಗಿ ಹೀಟರು ಆರಿಸಿದ. ಇನ್ನೊಬ್ಬ ಸಿಲಿಂಡರು ಹೆಗಲಿಗೇರಿಸಿದ. ಮುದುಕಿಯ ಕೈಗಳು ಚಾಚಿದಂತೆಯೇ ಇದ್ದವು. ಅವುಗಳ ಮುಂದೆ ಈಗ ಏನೂ ಇರಲಿಲ್ಲ.

ಸುಯುನ್ ಹಿತ್ತಿಲ ಓಣಿಯಲ್ಲಿ ಅವರ ಹಿಂದೆ ಓಡಿ ಸಿಲಿಂಡರಿನ ಕತ್ತು ಹಿಡಿದುಕೊಂಡಳು. ಅದು ಹೊರಟಿದ್ದು ಮುಂದಿನ ಮನೆಗೆ. ಅಧಿಕಾರಿ ಬೀದಿಯಲ್ಲಿ ಬರುವಷ್ಟರಲ್ಲಿ ಅದು ಓಣಿಯಲ್ಲಿ ಹೋಗಿ ಅಲ್ಲಿ ಉರಿಯಬೇಕಿತ್ತು. ಊರಿಗೆಲ್ಲ ಒಂದೇ ಸಿಲಿಂಡರು. ಬಾವ್‌ಚುವಾನ್ ಓಡಿಬಂದ. ದನಿ ತಗ್ಗಿಸಿ ಹಲ್ಲು ಕಡಿದ.

"ಬಿಡಿ ಅತ್ತಿಗೆ, ಮಾನ ಕಳೀಬೇಡಿ. ಸಾಯಂಕಾಲ ಅದು ಕೌಂಟಿಗೆ ವಾಪಸ್ ಹೋಗ್ಬೇಕು."

"ನಮ್ಮ ಮನೇಲೇ ಇರತ್ತೆ ಅಂದಿದ್ದು ನೀನೇ."

"ಇವತ್ತೇ ಅಂದ್ನಾ? ಬರೋ ವರ್ಷ ಎಲ್ಲರಿಗೂ ಬರತ್ತೆ. ತಾಳ್ಮೆ ಇರ್ಲಿ."

ಅವಳ ಬೆರಳುಗಳನ್ನು ಅವನೇ ಒಂದೊಂದಾಗಿ ಬಿಡಿಸಿದ. ಒಡೆದ ಅಂಗೈಯ ರಕ್ತ ಸಿಲಿಂಡರಿಗೆ ಅಂಟಿತು. ಅದನ್ನು ದು ತೋಳಿನಿಂದ ಒರೆಸಿ ಹೊತ್ತುಕೊಂಡು ಹೋದ.

ಸುಯುನ್ ಮನೆಗೆ ಬಂದು ಜಗಲಿಯ ಮೇಲೆ ಕೂತಳು. ನಾಚಿಕೆಯಿಂದ ಅತ್ತೆಯ ಮುಖ ನೋಡಲಾಗಲಿಲ್ಲ. ಕೋಣೆಯ ಶಾಖ ಬಾಗಿಲ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಮುದುಕಿ ಮತ್ತೆ ಕೆಮ್ಮಿದಳು. ಕೆಮ್ಮಿ ಮುಗಿದ ಮೇಲೆ ಮಾತಾಡಿದಳು.

"ನಿಮ್ಮ ಮಾವನೂ ಹೀಗೇ ಹೇಳಿದ್ರು ಕಣೆ. ಏನು ಹೇಳು ಅಂದ್ರೋ ಅದನ್ನೇ ಹೇಳಿದ್ರು. ನಾನು ದ್ರೋಹಿ, ನಾನು ಹುಳ, ಅಂತ. ಹೇಳಿದ್ರೆ ಬಿಡ್ತೀವಿ ಅಂದಿದ್ರು. ಹೇಳಿದ ಮೇಲೆ ಹೊಡೆದ್ರು."

ಸುಯುನ್ ಒಂದು ಕೋಟು ಎತ್ತಿ ಅವಳ ಕಾಲ ಮೇಲೆ ಹೊದಿಸಿದಳು.

"ಐವತ್ತು ವರ್ಷ ಗಲಾಟೆ ಬೇಡ, ಗಲಾಟೆ ಬೇಡ ಅಂದೆ. ಅವತ್ತಿನ ಗಲಾಟೆ ನಾವು ಮಾಡಿದ್ದಾ? ಆ ಹುಡುಗ್ರು ತಾವಾಗೇ ಬಂದಿದ್ರಾ? ಮೇಲಿಂದ ಹೇಳಿ ಕಳ್ಸಿದ್ರು. ಆಮೇಲೆ ಅದೇ ಜನ, ಗಲಾಟೆ ಆಗ್ಬಾರ್ದು, ಸುಮ್ನಿರಿ ಅಂತಾರೆ. ಬೆಂಕಿ ಇಟ್ಟೋರು ಅವರು, ಬೆಂಕಿ ಭಯ ನನಗೆ." ಮುದುಕಿ ಕೋಟುಗಳನ್ನು ಪೂರ್ತಿ ಸರಿಸಿದಳು. "ಒಲೆ ಹಚ್ಚು. ನಮ್ಮ ದೇವರು ನಮ್ಮ ಒಲೆಯಿಂದ ಹೋಗ್ಲಿ."

ಸುಯುನ್ ಎದ್ದಳು. ಕಾಲುವೆ ತೋಡಿದ ಗುದ್ದಲಿ ಬಾಗಿಲ ಹಿಂದೆ ಇತ್ತು. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಸಿಮೆಂಟಿಗೆ ಹೊಡೆದಳು. ಮೊದಲ ಹೊಡೆತಗಳಿಗೆ ಬರೀ ಪುಡಿ ಉದುರಿತು. ಅವಳು ಪ್ರತಿ ಹೊಡೆತಕ್ಕೂ ಬಾವ್‌ಚುವಾನ್‌ನ ಜನ್ಮ ಜಾಲಾಡಿದಳು. ಪೈಪಿನವರನ್ನು ಬೈದಳು, ಬೀಜಿಂಗಿನ ನೀಲಿ ಆಕಾಶವನ್ನು ಬೈದಳು, ನಕ್ಕ ತನ್ನ ಬಾಯಿಯನ್ನು ಬೈದಳು. ಭುಜ ಸೋತಿತು, ಬಿಡಲಿಲ್ಲ. ಸಿಮೆಂಟು ಬಿರಿಯಿತು. ಇಟ್ಟಿಗೆಗಳನ್ನು ಬರಿಗೈಯಲ್ಲೇ ಎಳೆದು ಹಿಂದಕ್ಕೆ ಎಸೆದಳು. ಬಳೆ ಕಿತ್ತಿದ್ದ ಮೇಲಿನ ತೂತಿಗೆ ಬಾಣಲೆ ಕವುಚಿದಳು. ಮೂಲೆಯ ಚೀಲದಲ್ಲಿದ್ದ, ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು ಒಳಗೆ ಸುರಿದಳು. ಸಾಲದು ಅನ್ನಿಸಿತು. ಹೊರಗೆ ಹೋಗಿ ಬಾಗಿಲಿನ ಹಲಗೆ ಕಿತ್ತು ತಂದು, ಕಾಲಿನಲ್ಲಿ ಮೆಟ್ಟಿ ಮುರಿದು, ಮಾದರಿಯನ್ನೂ ಮನೆಯನ್ನೂ ಒಲೆಗೆ ತುರುಕಿದಳು. ಒಣಗಿದ ಒಳ್ಳೆಯ ಮರ.

ಕಚೇರಿಗೆ ಕೊಡದೆ ಗೋಡೆಯಲ್ಲೇ ಉಳಿಸಿಕೊಂಡಿದ್ದ ದೇವರ ಪಟ ಕಿತ್ತು, ಮಿಠಾಯಿಯ ಪೊಟ್ಟಣ ಕೈಗೆತ್ತಿಕೊಂಡು ಅವನ ಬಾಯಿಗೆ ಸವರಲು ಹೋದಳು. ಮುದುಕಿ ಕೈ ಚಾಚಿದಳು.

"ಅವನಿಗೆ ಬೇಡ. ಈ ಸಲ ಕಂಡದ್ದನ್ನೆಲ್ಲಾ ಹೇಳ್ಲಿ. ನನಗೆ ಕೊಡು."

ಮುದುಕಿ ಮಿಠಾಯಿಯನ್ನು ಬಾಯಿಗೆ ಹಾಕಿಕೊಂಡು ಬೊಚ್ಚು ಬಾಯಲ್ಲಿ ಚೀಪತೊಡಗಿದಳು. ಸುಯುನ್ ದೇವರ ಪಟಕ್ಕೆ ಕಡ್ಡಿ ಗೀರಿ ಒಲೆಗೆ ಹಾಕಿದಳು.

ಹೊಗೆ ಮೊದಲು ಕೋಣೆಗೆ ನುಗ್ಗಿತು, ಆಮೇಲೆ ದಾರಿ ನೆನಪಾದಂತೆ ಜಗಲಿಯೊಳಗೆ ಇಳಿಯಿತು. ಹೊಗೆಗೂಡಿನಿಂದ ಕಪ್ಪಗೆ, ದಪ್ಪಗೆ, ನೇರವಾಗಿ ಎದ್ದಿತು. ಅಂದು ಗಾಳಿಯಿರಲಿಲ್ಲ. ಊರಿಗೆ ಊರೇ ಕಾಣಬಹುದಿತ್ತು. ಅಧಿಕಾರಿ ಆಗ ಕಚೇರಿಯಲ್ಲಿ ಊಟಕ್ಕೆ ಕೂತಿದ್ದ.

ಮೊದಲು ಓಡಿಬಂದವನು ದು. ಕೈಯಲ್ಲಿ ಅಂಗಳದ ನಲ್ಲಿಯಿಂದ ಹಿಡಿದ ಬಕೆಟ್ಟು ನೀರು. ಅವನ ಹಿಂದೆ ಬಾವ್‌ಚುವಾನ್, ಇಬ್ಬರು ಪೊಲೀಸರು. ಸುಯುನ್ ಒಲೆಯ ಬಾಯಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು. ಬೆನ್ನಿನ ಕೋಟಿನಿಂದ ಬಿಸಿಗೆ ಸುಟ್ಟ ವಾಸನೆ ಬರುತ್ತಿತ್ತು.

"ಏಳಿ ಅತ್ತಿಗೆ."

"ಏಳಲ್ಲ."

ಬಾವ್‌ಚುವಾನ್‌ನ ಮುಖ ಬಿಳಿಚಿತ್ತು. ಬೆಣ್ಣೆ ಎಲ್ಲ ಕರಗಿತ್ತು. ಇಡೀ ಊರಿನ ಕೆಲಸ ಹಾಳು ಮಾಡುತ್ತಿದ್ದೀರಿ ಎಂದ. ನಲವತ್ತು ವರ್ಷದಿಂದ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಬಂದಿದ್ದೇವೆ, ನಿಮ್ಮ ಒಬ್ಬರ ಹಟಕ್ಕೆ ಎಲ್ಲರೂ ಕೆಳಗೆ ಬೀಳಬೇಕೇ ಎಂದ. ದೊಡ್ಡಮ್ಮ, ನೀವಾದರೂ ಹೇಳಿ, ಆ ಹಳೇ ದಿನಗಳು ವಾಪಸು ಬರಬೇಕಾ ಎಂದು ಜಗಲಿಯತ್ತ ತಿರುಗಿದ. ಮುದುಕಿ ಮಿಠಾಯಿ ಚೀಪುತ್ತ ಕೂತಿದ್ದಳು. "ನಿಮ್ಮಪ್ಪನ್ನ ಕೇಳು ಹೋಗು," ಎಂದಳು. ಅವನಪ್ಪ ಸತ್ತು ಬಹಳ ಕಾಲವಾಗಿತ್ತು.

ಅವನು ದುವಿನ ಕೈಯಿಂದ ಬಕೆಟ್ಟು ಕಸಿದು ನೀರನ್ನೆಲ್ಲ ಸುಯುನ್ ಮೇಲೆ ಎರಚಿದ.

ತಲೆಯಿಂದ ಕಾಲಿನವರೆಗೆ ನೀರು. ಉಸಿರು ನಿಂತ ಹಾಗಾಯಿತು. ಹಲ್ಲು ಕಟಕಟ ಎಂದವು. ಬೆನ್ನ ಹಿಂದೆ ಮರ ಚಿಟಿಲ್ ಎಂದಿತು. ಬೆಂಕಿ ಆರಿರಲಿಲ್ಲ. ಅವಳು ಜಾಗ ಬಿಡಲಿಲ್ಲ.

"ಎಲ್ಲರೂ ಹೀಗೆ ಮಾಡಿದ್ರೆ ದೇಶದ ಗತಿ ಏನು, ಅದನ್ನಾದ್ರೂ ಯೋಚನೆ ಮಾಡಿದ್ರಾ?" ಎಂದ ಬಾವ್‌ಚುವಾನ್. ಈ ಸಲ ಅದು ಭಾಷಣದಂತಿರಲಿಲ್ಲ. ಅವನಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

"ಎಲ್ಲರೂ ಮಾಡ್ಲಿ ಅಂತಾನೇ ಹಚ್ಚಿದ್ದು," ಎಂದಳು ಸುಯುನ್.

ಪೊಲೀಸರು ಅವಳ ಕಂಕುಳಿಗೆ ಕೈ ಹಾಕಿ ಎಳೆದರು. ಅವಳು ಭಾರ ಬಿಟ್ಟಳು. ಹೊಸ್ತಿಲಿಗೆ ಮೊಣಕಾಲು ಬಡಿಯಿತು. ಆರಿಸು ಅದನ್ನ ಎಂದು ಬಾವ್‌ಚುವಾನ್ ದುವಿಗೆ ಬಕೆಟ್ಟು ಕೊಟ್ಟ. ದು ಅಂಗಳಕ್ಕೆ ಹೋದ. ನಲ್ಲಿಯ ಮುಂದೆ ನಿಂತ. ನಲ್ಲಿ ತಿರುಗಿಸಲಿಲ್ಲ. ವಾಪಸು ಬಂದು, ನಲ್ಲಿ ಹೆಪ್ಪುಗಟ್ಟಿದೆ ಎಂದ. ಈಗಷ್ಟೇ ಅದೇ ನಲ್ಲಿಯಿಂದ ನೀರು ತಂದಿದ್ದವನು. ಬಾವ್‌ಚುವಾನ್ ಬಾಯಿ ತೆರೆಯುವಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಕಚೇರಿಯಿಂದ. ಅವನು ಫೋನನ್ನು ಕಿವಿಗೆ ಹಿಡಿದು, ಹಾಂ ಸರ್, ಹಾಂ ಸರ್ ಎನ್ನುತ್ತ ಬಗ್ಗಿಕೊಂಡೇ ಓಡಿದ.

ಪೊಲೀಸ್ ವ್ಯಾನಿನಲ್ಲಿ ಸುಯುನ್‌ಳ ತಲೆಗೂದಲು ಕಡ್ಡಿಯಾಗಿತ್ತು. ಕೋಟಿನ ತೋಳು ಮಡಚಿದರೆ ಮುರಿಯುವ ಹಾಗಿತ್ತು. ಐದು ದಿನವೋ ಹದಿನೈದು ದಿನವೋ ಅವಳಿಗೆ ಗೊತ್ತಿರಲಿಲ್ಲ. ಬೆಂಡು ಎಷ್ಟು ಹೊತ್ತು ಉರಿಯುತ್ತದೆ ಎಂಬುದು ಮಾತ್ರ ಗೊತ್ತಿತ್ತು. ಹೆಚ್ಚು ಹೊತ್ತು ಉರಿಯುವುದಿಲ್ಲ. ಆಮೇಲೆ ಅತ್ತೆ? ಈ ಒಂದು ಪ್ರಶ್ನೆಗೆ ಅವಳ ಸಿಟ್ಟೆಲ್ಲ ಇಳಿದು ಭಯವಾಯಿತು. ಕಿಟಕಿಗೆ ಮುಖ ಒತ್ತಿ ಮನೆಯತ್ತ ನೋಡಿದಳು.

ಪಕ್ಕದ ಮನೆಯಿಂದ ಜಿನ್‌ಫೆಂಗ್ ಹೊರಗೆ ಬಂದಳು. ಎರಡೂ ತೋಳು ತುಂಬ ಬೆಂಡು. ಮೇಲೊಂದು ಮುರಿದ ಕುರ್ಚಿಯ ಕಾಲು. ಸುಯುನ್ ಮನೆಯ ಗೇಟಿನ ಬಳಿ ಅವಳ ಗಂಡ ದು ನಿಂತಿದ್ದ, ತೋಳಿನಲ್ಲಿ ಕೆಂಪು ಪಟ್ಟಿ, ಕೈಯಲ್ಲಿ ಖಾಲಿ ಬಕೆಟ್ಟು. ಅವಳು ಅವನನ್ನು ನೋಡಲಿಲ್ಲ. ಅವನು ಪಕ್ಕಕ್ಕೆ ಸರಿದು ಗೇಟು ತೆರೆದ. ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹೊಗೆಗೂಡಿನ ಹೊಗೆ ಮತ್ತೆ ದಪ್ಪಗಾಯಿತು.